ಸೋಲದೆ ಸೋತವನು, ಗೆಲ್ಲದೆ ಗೆದ್ದವನು

ಮೂವತ್ತೈದು ವರುಷಗಳಿಗೂ ಮಿಕ್ಕಿದ ಹಳೆಯ ಸಾಲವೊಂದನ್ನು ತೀರಿಸುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ. ಸಾಲ ಹಣದ್ದಲ್ಲ, ಮಾತಿನದು. 1988ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಸಂಘದ ವಾಚನಾಲಯದ ಗೋಡೆಪತ್ರಿಕೆಗೆ ನಾನು ಒಂದು ಪುಟ ಬರೆದಿದ್ದೆ. ತಲೆಬರಹ ‘ಕಳ್ಳ ಪದಕ’. ಕೆಂಪು ಶಾಯಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಯಾರನ್ನು ಕಳ್ಳನೆಂದು ಕರೆದೆನೋ ಆತ ನನ್ನ ಬರಹವನ್ನು ಓದಲಿಲ್ಲ, ಓದುವ ಸಂಭವವೂ ಇರಲಿಲ್ಲ. ಆತ ದಕ್ಷಿಣ ಕೊರಿಯದವನು; ನಾನು ಮಾಟುಂಗದ ಒಂದು ಖೋಲಿಯಲ್ಲಿ ಮೂವರು ಗೆಳೆಯರೊಡನೆ ಹಾಸಿಗೆ ಹಂಚಿಕೊಂಡು, ದಿನವೂ ಲೋಕಲ್ ಗಾಡಿ ಹಿಡಿದು ಫೋರ್ಟಿನ ಕಚೇರಿಗೆ ಹೋಗುತ್ತಿದ್ದ ಗುಮಾಸ್ತ. ಆದರೂ ಬರೆದದ್ದು ಬರೆದದ್ದೇ.

ಆ ವರ್ಷದ ಸೋಲ್ ಒಲಿಂಪಿಕ್ಸನ್ನು ಹಿರಿಯ ಓದುಗರು ಮರೆತಿರಲಾರರು. ಭಾರತಕ್ಕೆ ಒಂದೇ ಒಂದು ಪದಕವೂ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಲಾಸ್ ಏಂಜಲಿಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚನ್ನು ಕಳಕೊಂಡ ಪಿ. ಟಿ. ಉಷಾ ಈ ಸಲ ಮೊದಲ ಹಂತದಲ್ಲೇ ಹೊರಬಿದ್ದಳು. ನೂರು ಮೀಟರ್ ಓಟದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಕೆನಡದ ಬೆನ್ ಜಾನ್ಸನ್ ಮದ್ದು ತಿಂದು ಓಡಿದ್ದನೆಂದು ಬಯಲಾಗಿ ಮೂರೇ ದಿನದಲ್ಲಿ ಪದಕ ಒಪ್ಪಿಸಬೇಕಾಯಿತು. ನಮ್ಮದೆನ್ನುವ ಗೆಲುವು ಇಲ್ಲದಿದ್ದಾಗ ಅಭಿಮಾನಿಯಾದವನು ಪರರ ಗೆಲುವಿಗೆ ಹಂಬಲಿಸುತ್ತಾನೆ. ನಾನು ಹಂಬಲಿಸಿದ್ದು ರಾಯ್ ಜೋನ್ಸ್ ಎಂಬ ಹತ್ತೊಂಬತ್ತರ ಹುಡುಗನಿಗಾಗಿ. ಅಮೆರಿಕದ ಫ್ಲೋರಿಡಾ ರಾಜ್ಯದ ಪೆನ್ಸಕೋಲ ಊರಿನವನು. ತಂದೆಯ ಕೈಕೆಳಗೆ ಬಾಲ್ಯದಿಂದಲೇ ಮುಷ್ಟಿಯುದ್ಧ ಕಲಿತವನು. ಮಹಮ್ಮದ್ ಅಲಿಯ ಹೆಸರು ಕೇಳುತ್ತಾ ಬೆಳೆದು, ಮುಂಬಯಿಗೆ ಬಂದ ಮೇಲೆ ನಾಗಪಾಡಾದ ಕಡೆ ಹುಡುಗರು ಕೈಗವಸು ಕಟ್ಟಿ ಗುದ್ದಾಡುವುದನ್ನು ಬೇಲಿಯಾಚೆ ನಿಂತು ನೋಡಿ ರುಚಿ ಹತ್ತಿಸಿಕೊಂಡ ನನ್ನಂಥವನಿಗೆ ಆ ಹುಡುಗನ ಕೈಚಳಕದ ವರ್ಣನೆ ಓದುವುದೇ ಒಂದು ಹಬ್ಬವಾಗಿತ್ತು.

ಅಕ್ಟೋಬರ್ 2, ಆದಿತ್ಯವಾರ. ನಮ್ಮಲ್ಲಿ ಗಾಂಧಿ ಜಯಂತಿ. ಸೋಲಿನಲ್ಲಿ ಕ್ರೀಡೆಗಳ ಕಟ್ಟಕಡೆಯ ದಿನ. 71 ಕಿಲೋ ತೂಕದ ವರ್ಗದ ಅಂತಿಮ ಪಂದ್ಯದಲ್ಲಿ ಜೋನ್ಸನಿಗೆ ಎದುರಾಗಿ ನಿಂತವನು ಆತಿಥೇಯ ದೇಶದ ಪಾರ್ಕ್ ಸಿ-ಹುನ್, ಇಪ್ಪತ್ತೆರಡರ ಯುವಕ. ಅವನು ಅಲ್ಲಿಯತನಕ ಬಂದ ದಾರಿಯ ಬಗ್ಗೆಯೇ ಗುಸುಗುಸು ಇತ್ತು. ಕ್ವಾರ್ಟರ್ ಫೈನಲಿನಲ್ಲಿ ಅವನಿಗೆ ಸೋತನೆಂದು ಘೋಷಿಸಲ್ಪಟ್ಟ ಇಟಲಿಯ ನಾರ್ದಿಯೆಲ್ಲೊ ನೆಲಕ್ಕೆ ಬಿದ್ದು ಹಾಸನ್ನು ಗುದ್ದಿ, ತೀರ್ಪುಗಾರರ ಮೇಲೆ ಕೂಗಾಡಿದ್ದ.

ಪಂದ್ಯ ಮೂರು ಸುತ್ತಿನದು, ಸುತ್ತಿಗೆ ಮೂರು ನಿಮಿಷ. ಅಮೆರಿಕದ ದೂರದರ್ಶನದವರು ಗುದ್ದು ಎಣಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದರು. ಅದರ ಲೆಕ್ಕ ಹೀಗಿದೆ: ಮೊದಲ ಸುತ್ತಿನಲ್ಲಿ ಜೋನ್ಸ್ ತಗಲಿಸಿದ ಏಟು 20, ಪಾರ್ಕ್ 3. ಎರಡನೆಯದರಲ್ಲಿ 30ಕ್ಕೆ 15. ಮೂರನೆಯದರಲ್ಲಿ 36ಕ್ಕೆ 14. ಒಟ್ಟು 86ಕ್ಕೆ 32. ಎರಡನೆಯ ಸುತ್ತಿನಲ್ಲಿ ರೆಫರಿ ಆಟ ನಿಲ್ಲಿಸಿ, ತತ್ತರಿಸಿ ನಿಂತ ಪಾರ್ಕನ ಮುಂದೆ ಎಂಟರವರೆಗೆ ಎಣಿಸಬೇಕಾಯಿತು. ಕುರುಡನಿಗೂ ತಿಳಿಯುವಂಥ ಪಂದ್ಯ ಎಂದು ನಾನಂದು ಬರೆದಿದ್ದೆ. ಆ ಒಂದು ವಾಕ್ಯವನ್ನು ಇವತ್ತೂ ಹಿಂದಕ್ಕೆ ಪಡೆಯಲಾರೆ.

ತೀರ್ಪು ಬಂತು. ಐವರು ತೀರ್ಪುಗಾರರಲ್ಲಿ ಮೂವರು ಪಾರ್ಕನ ಕಡೆ, ಇಬ್ಬರು ಜೋನ್ಸನ ಕಡೆ. ಆಗಿನ ಪದ್ಧತಿಯಂತೆ ಸುತ್ತು ಗೆದ್ದವನಿಗೆ 20 ಅಂಕ, ಸೋತವನಿಗೆ ಅದಕ್ಕಿಂತ ಕಡಿಮೆ. ಮೂರು ಸುತ್ತಿಗೆ 60. ಸೋವಿಯತ್ ಒಕ್ಕೂಟದವನೂ ಹಂಗೇರಿಯವನೂ 60–56 ಎಂದು ಜೋನ್ಸನಿಗೆ ಕೊಟ್ಟರು. ಯುಗಾಂಡಾ, ಉರುಗ್ವೆ, ಮೊರಾಕೊಗಳ ತೀರ್ಪುಗಾರರು ಕೂದಲೆಳೆಯಷ್ಟು ಅಂತರದಿಂದ ಪಾರ್ಕ್ ಗೆದ್ದನೆಂದರು. ಒಂದು ವಿಚಿತ್ರ ಗಮನಿಸಬೇಕು. ಅದು ಶೀತಲ ಸಮರದ ಕಾಲ. 1980 ಮತ್ತು 1984ರ ಬಹಿಷ್ಕಾರಗಳ ನಂತರ ಅಮೆರಿಕ, ರಷ್ಯಾ ಎರಡೂ ಒಂದೇ ಅಂಗಳದಲ್ಲಿ ಕಲೆತದ್ದು ಸೋಲಿನಲ್ಲೇ. ಅಮೆರಿಕನ್ನನಿಗೆ ಅನ್ಯಾಯವಾದರೆ ಅದು ಕಮ್ಯೂನಿಸ್ಟರ ಕಿತಾಪತಿಯೇ ಇರಬೇಕೆಂದು ನಮ್ಮ ಖೋಲಿಯ ಗೆಳೆಯನೊಬ್ಬ ಪಟ್ಟು ಹಿಡಿದು ವಾದಿಸಿದ್ದ. ಆದರೆ ಅಂದು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದವರು ಆ ಇಬ್ಬರೇ.

ರೆಫರಿ ಕೈ ಎತ್ತಿ ಹಿಡಿದಾಗ ಪಾರ್ಕನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಗೊಂದಲಕ್ಕೆ ಬಿದ್ದವನ ಹಾಗೆ ಕಾಣುತ್ತಿದ್ದ. ಸೋತದ್ದು ತಾನೇ ಎಂದು ಅವನು ಜೋನ್ಸನಿಗೆ ಹೇಳಿ ಕ್ಷಮೆ ಕೇಳಿದನೆಂದೂ ವರದಿಯಾಯಿತು. ಇತ್ತ ಜೋನ್ಸನಿಗೆ ಬೆಳ್ಳಿಯ ಜೊತೆಗೆ, ಇಡೀ ಕೂಟದ ಅತ್ಯುತ್ತಮ ಬಾಕ್ಸರನಿಗೆ ಸಲ್ಲುವ ವಾಲ್ ಬಾರ್ಕರ್ ಪಾರಿತೋಷಕ ಕೊಟ್ಟರು. ತನ್ನ ವರ್ಗದಲ್ಲೇ ಎರಡನೆಯವನಾದವನು ಒಟ್ಟು ಹನ್ನೆರಡು ವರ್ಗಗಳಲ್ಲಿ ಮೊದಲಿಗನಾದ! ಮದುವೆಗೆ ಬೇಡವೆಂದ ಹುಡುಗನಿಗೆ ಊರಿಗೇ ಚೆಲುವ ಎಂದು ಹಾರ ಹಾಕಿದಂತಾಯಿತು.

ಇಷ್ಟೆಲ್ಲ ಪತ್ರಿಕೆಗಳಲ್ಲಿ ಬಂದ ಮೇಲೆ ನಾನು ಸುಮ್ಮನಿರುವುದು ಹೇಗೆ? ಒಂದೇ ರಾತ್ರಿಯಲ್ಲಿ ‘ಕಳ್ಳ ಪದಕ’ ಬರೆದು ಮುಗಿಸಿದೆ. ಪಾರ್ಕ್ ಸಿ-ಹುನ್ ಎಂಬವನು ಲೋಕದ ಕಣ್ಣೆದುರು ಹಗಲುದರೋಡೆ ಮಾಡಿದ, ಮಾನವಿದ್ದರೆ ಪದಕವನ್ನು ಅಲ್ಲೇ ಬಿಸಾಡಿ ಹೋಗಬೇಕಿತ್ತು ಎಂದೆಲ್ಲ ಬರೆದೆ. ವಾಚನಾಲಯಕ್ಕೆ ಬಂದವರು ಓದಿ ಬೆನ್ನು ತಟ್ಟಿದರು. ಬೆನ್ನು ತಟ್ಟದವರು ಒಬ್ಬರೇ. ಕನ್ನಡ ರಾತ್ರಿಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಮೈಸೂರಿನ ಕಡೆಯ ಮೇಷ್ಟ್ರು. ಕನ್ನಡಕ ಹಣೆಗೇರಿಸಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಪೂರ್ತಿ ಓದಿದರು.

“ಚೆನ್ನಾಗಿ ಬರೆದಿದ್ದೀಯ ಕಣಯ್ಯಾ. ಆದರೆ ಒಂದು ಅರ್ಥವಾಗಲಿಲ್ಲ. ಅಂಕ ಹಾಕಿದವರು ಯಾರು?”

“ತೀರ್ಪುಗಾರರು, ಮೇಷ್ಟ್ರೇ.”

“ಪದಕ ಕೊರಳಿಗೆ ಹಾಕಿದವರು?”

“ಒಲಿಂಪಿಕ್ಸಿನವರು.”

“ಮತ್ತೆ ಆ ಹುಡುಗ ಕದ್ದದ್ದು ಏನನ್ನ?”

ನಾನು ಏನೋ ಉತ್ತರ ಕೊಟ್ಟೆ. ಏನೆಂಬುದು ನೆನಪಿಲ್ಲ, ಸರಿಯಾದದ್ದೇನೂ ಆಗಿರಲಿಕ್ಕಿಲ್ಲ.

ಮೇಷ್ಟ್ರು ಕಾಳಗವೆಂದರೇನೆಂದು ತಿಳಿಯದವರಲ್ಲ. ದಸರೆಯ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದ ಸುದ್ದಿಯನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ತಲೆ ಬೋಳಿಸಿದ ಇಬ್ಬರು ಜಟ್ಟಿಗಳು ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಚಿಮ್ಮಿತೋ, ಅಲ್ಲಿಗೆ ಮುಗಿಯಿತು. ಎಣಿಸುವವರೂ ಬೇಡ, ಬರೆಯುವವರೂ ಬೇಡ. ಉಷಾಳ ನೂರನೆಯ ಒಂದು ಪಾಲೂ ಹಾಗೆಯೇ. ನಾವು ಅತ್ತೆವು, ಆದರೆ ಗಡಿಯಾರವನ್ನು ಯಾರೂ ಬಯ್ಯಲಿಲ್ಲ. ಬಾಕ್ಸಿಂಗಿನಲ್ಲಿ ಮಾತ್ರ ಎದುರಾಳಿ ನೆಲಕ್ಕೆ ಬಿದ್ದು ಹತ್ತು ಎಣಿಸುವವರೆಗೆ ಏಳದಿದ್ದರೆ ಸರಿ. ಇಬ್ಬರೂ ಕಾಲ ಮೇಲೆ ನಿಂತಿದ್ದರೆ ಗೆದ್ದವನಾರೆಂದು ಮೂರನೆಯವನು ಹೇಳಬೇಕು. ಮುಷ್ಟಿಯ ಸೆಕೆಂಡಿಗೊಂದು ಏಟನ್ನು ಹಗ್ಗದಾಚೆ ಕುಳಿತು, ಒಂದೇ ಮಗ್ಗುಲಿಂದ ನೋಡಿ ಬರೆಯುವ ಕೆಲಸ ಅದು. ತಪ್ಪಾಗುವುದು ಸಹಜ. ಆದರೆ 86ಕ್ಕೆ 32ರ ತಪ್ಪು ಕಣ್ಣಿನ ತಪ್ಪಲ್ಲ.

ಹಾಗಾದರೆ ಏನಾಗಿತ್ತು? ಮುಂದೆ ಓದುತ್ತಾ ಹೋದಂತೆ ನನಗೆ ತಿಳಿದದ್ದೇನೆಂದರೆ, ಆ ಪಂದ್ಯ ಅಕ್ಟೋಬರ್ 2ರಂದು ಶುರುವಾದದ್ದೇ ಅಲ್ಲ. ಕೊರಿಯನ್ನರ ಮನಸ್ಸಿನಲ್ಲಿ ಅದು 1984ರಲ್ಲೇ ಶುರುವಾಗಿತ್ತು. ಲಾಸ್ ಏಂಜಲಿಸಿನಲ್ಲಿ ಅವರ ಕಿಮ್ ದೊಂಗ್-ಕಿಲ್ ಅಮೆರಿಕದ ಜೆರ್ರಿ ಪೇಜನಿಗೆ ಸೋತನೆಂಬ ತೀರ್ಪು ಬಂದಾಗ, ಇದು ಆತಿಥೇಯರಿಗೆ ತೋರಿದ ಪಕ್ಷಪಾತವೆಂದು ಕೊರಿಯದವರು ರೇಗಿ, ಕೂಟವನ್ನೇ ಬಿಟ್ಟು ಹೋಗುವ ಬೆದರಿಕೆ ಹಾಕಿದ್ದರು. ನಾಲ್ಕು ವರ್ಷದ ಬಳಿಕ ಅಮೆರಿಕನ್ನರು ಅವರ ಮನೆಗೆ ಬಂದಿದ್ದರು.

ಅದಕ್ಕೂ ದೊಡ್ಡ ರಂಪ ಅದೇ ಸೋಲಿನಲ್ಲಿ ಸೆಪ್ಟೆಂಬರ್ 22ರಂದು ಆಗಿಹೋಗಿತ್ತು. ಕೊರಿಯದ ಬ್ಯೂನ್ ಜೊಂಗ್-ಇಲ್ ಬಲ್ಗೇರಿಯದವನೆದುರು ಆಡುತ್ತಿದ್ದ. ತಲೆಯಿಂದ ಗುದ್ದಿದ ತಪ್ಪಿಗಾಗಿ ನ್ಯೂಜಿಲೆಂಡಿನ ರೆಫರಿ ಅವನ ಎರಡು ಅಂಕ ಕಡಿದ, ಬ್ಯೂನ್ ಸೋತ. ಕೂಡಲೇ ಕೊರಿಯದ ತರಬೇತುದಾರರೂ ಅಧಿಕಾರಿಗಳೂ ಹಗ್ಗ ನುಸುಳಿ ಒಳಗೆ ನುಗ್ಗಿ ರೆಫರಿಯ ಮೇಲೆ ಬಿದ್ದರು. ಕಾವಲಿಗೆಂದು ಇದ್ದವರಲ್ಲೂ ಕೆಲವರು ಆ ಗದ್ದಲದಲ್ಲಿ ಸೇರಿಕೊಂಡರು. ಹುಡುಗ ಬ್ಯೂನ್ ಮಾತ್ರ ರಿಂಗಿನ ನಡುವೆ ನೆಲದ ಮೇಲೆ ಕುಳಿತುಬಿಟ್ಟ. ಯಾರು ಕರೆದರೂ ಏಳಲಿಲ್ಲ. ಒಬ್ಬರು ಕುರ್ಚಿ ತಂದುಕೊಟ್ಟರು. ಅದರ ಮೇಲೆ ಕುಳಿತ. ಕೊನೆಗೆ ದೀಪ ಆರಿಸಿದರು, ಕತ್ತಲಲ್ಲೂ ಕುಳಿತ. ಹೀಗೆ 67 ನಿಮಿಷ. 1964ರ ಟೋಕಿಯೋದಲ್ಲಿ ಇನ್ನೊಬ್ಬ ಕೊರಿಯನ್, ಚೊ ದೊಂಗ್-ಕಿ, ತನ್ನನ್ನು ಅನರ್ಹಗೊಳಿಸಿದರೆಂದು 51 ನಿಮಿಷ ರಿಂಗಿನಲ್ಲೇ ಕುಳಿತಿದ್ದನಂತೆ. ಆ ದಾಖಲೆಯೂ ಮುರಿಯಿತು. ನ್ಯೂಜಿಲೆಂಡಿನ ರೆಫರಿ ಗಂಟುಮೂಟೆ ಕಟ್ಟಿ ಕೊರಿಯದಿಂದಲೇ ಹೊರಟುಹೋದ.

ಈಗ ಯೋಚಿಸಿ. ಒಬ್ಬ ರೆಫರಿಗೆ ಏಟು ಬಿದ್ದದ್ದನ್ನು ಕಣ್ಣಾರೆ ಕಂಡ ಉಳಿದವರು, ಹತ್ತು ದಿನ ಕಳೆದು ಅದೇ ಕ್ರೀಡಾಂಗಣದಲ್ಲಿ, ಅದೇ ಜನಜಂಗುಳಿಯ ನಡುವೆ ಪೆನ್ಸಿಲ್ ಹಿಡಿದು ಕುಳಿತಿದ್ದಾರೆ. ಮೊರಾಕೊದ ತೀರ್ಪುಗಾರ ಆಮೇಲೆ ಕೊಟ್ಟನೆನ್ನಲಾದ ವಿವರಣೆ ಪ್ರಸಿದ್ಧವಾಗಿದೆ. ಅಮೆರಿಕನ್ ಸುಲಭವಾಗಿ ಗೆದ್ದನೆಂದು ತನಗೂ ಗೊತ್ತಿತ್ತು. ಉಳಿದ ನಾಲ್ವರೂ ಅವನಿಗೇ ಕೊಡುತ್ತಾರೆಂಬ ನಂಬಿಕೆಯಿಂದ, ಆತಿಥೇಯರ ಮಾನ ಪೂರಾ ಹೋಗದಿರಲೆಂದು ತನ್ನೊಂದು ಮತವನ್ನು ಕೊರಿಯದವನಿಗೆ ಹಾಕಿದೆ ಎಂಬ ಅರ್ಥದ ಮಾತು. ಅಂದರೆ ದಾಕ್ಷಿಣ್ಯದ ಮತ. ಸಂಘದ ಚುನಾವಣೆಗಳಲ್ಲಿ ನಾವೂ ಇಂಥ ಮತ ಹಾಕಿದವರೇ ಅಲ್ಲವೇ? ಹೇಗೂ ಸೋಲುತ್ತಾನೆ, ಪಾಪ, ಒಂದು ಮತವಾದರೂ ಬೀಳಲಿ ಎಂದು. ಅಲ್ಲಿ ಅಂಥ ಮತಗಳೇ ಸೇರಿ ಬಹುಮತವಾಯಿತೋ, ಬೇರೆ ಕಾರಣವಿತ್ತೋ, ಯಾರು ಬಲ್ಲರು?

ಬೇರೆ ಕಾರಣದ ಮಾತು ಬಹಳ ಕಾಲ ನಡೆಯಿತು. ಮೂವರು ತೀರ್ಪುಗಾರರನ್ನು ಅಮಾನತುಗೊಳಿಸಿದರು. ಪೂರ್ವ ಜರ್ಮನಿ ಇಲ್ಲವಾಗಿ ಅಲ್ಲಿನ ಗುಪ್ತ ಪೊಲೀಸರ ಕಡತಗಳು ತೆರೆದಾಗ, ಸೋಲಿನಲ್ಲಿ ಹಣ ಓಡಾಡಿತೆಂಬ ಆರೋಪ ಅಲ್ಲಿಂದಲೂ ಹೊರಬಂತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವಿಚಾರಣೆ 1997ರಲ್ಲಿ ಮುಗಿಯಿತು. ತೀರ್ಪುಗಾರರಿಗೆ ಕೊರಿಯದವರಿಂದ ಔತಣೋಪಚಾರ ನಡೆದದ್ದು ನಿಜ, ಆದರೆ ಲಂಚಕ್ಕೆ ಪುರಾವೆ ಇಲ್ಲ, ಫಲಿತಾಂಶ ಬದಲಾಗದು ಎಂದು ತೀರ್ಮಾನವಾಯಿತು. ಜೋನ್ಸನಿಗೆ ಒಲಿಂಪಿಕ್ ಆರ್ಡರ್ ಎಂಬ ಗೌರವ ಕೊಟ್ಟು ಕೈತೊಳೆದುಕೊಂಡರು.

ಸೋಲಿನ ಹಗರಣದಿಂದ ಆದ ಒಂದು ಬದಲಾವಣೆಯೆಂದರೆ ಯಂತ್ರ ಬಂದದ್ದು. 1992ರ ಬಾರ್ಸಿಲೋನಾದಿಂದ ಒಲಿಂಪಿಕ್ಸಿನಲ್ಲಿ ತೀರ್ಪುಗಾರರ ಮುಂದೆ ಗುಂಡಿಗಳಿದ್ದವು. ಏಟು ಬಿದ್ದುದನ್ನು ಕಂಡು ಐವರಲ್ಲಿ ಮೂವರಾದರೂ ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಒಂದು ಅಂಕ. ಹೊಟ್ಟೆಗೆ ಬಿದ್ದ ಭಾರೀ ಗುದ್ದು ಲೆಕ್ಕಕ್ಕೆ ಬಾರದೆ, ಮುಖಕ್ಕೆ ತಾಗಿದ ಹಗುರ ಏಟಿಗೆ ಅಂಕ ಸಿಗುವ ಬೇರೊಂದು ಬಗೆಯ ಗೊಣಗಾಟಕ್ಕೆ ಅದು ದಾರಿಮಾಡಿತು. 2013ರಲ್ಲಿ ಅದನ್ನೂ ಕೈಬಿಟ್ಟರು.

ಆ ಯಂತ್ರದ ಕಾಲದ ಕಡೆಯ ಒಲಿಂಪಿಕ್ಸ್ ಲಂಡನ್, 2012. ಇಲ್ಲಿ ನನ್ನ ಇನ್ನೊಂದು ತಪ್ಪೊಪ್ಪಿಗೆ ಇದೆ. ಹರಿಯಾಣದ ನಮ್ಮ ವಿಕಾಸ್ ಕೃಷ್ಣನ್ ಅಮೆರಿಕದ ಎರಾಲ್ ಸ್ಪೆನ್ಸನನ್ನು 13–11ರಿಂದ ಗೆದ್ದನೆಂದು ಘೋಷಣೆಯಾದಾಗ ನಾನು ಟಿ.ವಿ. ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅಮೆರಿಕದ ಮನವಿಯ ಮೇಲೆ ತೀರ್ಪು ತಿರುಗಿ, ಸ್ಪೆನ್ಸ್ 15–13ರಿಂದ ಗೆದ್ದವನಾಗಿದ್ದ. ಮೂರನೆಯ ಸುತ್ತೊಂದರಲ್ಲೇ ವಿಕಾಸ್ ಒಂಬತ್ತು ಸಲ ಎದುರಾಳಿಯನ್ನು ಹಿಡಿದುಕೊಂಡಿದ್ದ, ಎರಡನೆಯದರಲ್ಲಿ ಬೇಕೆಂದೇ ಬಾಯಿಕವಚ ಉಗುಳಿದ್ದ, ಅದಕ್ಕೆಲ್ಲ ಅಮೆರಿಕನ್ನನಿಗೆ ನಾಲ್ಕು ಅಂಕವಾದರೂ ಸಿಗಬೇಕಿತ್ತು ಎಂಬುದು ಕೊಟ್ಟ ಕಾರಣ. ದೊಡ್ಡ ದೇಶದ ದಬ್ಬಾಳಿಕೆ ಎಂದು ಕಚೇರಿಯಲ್ಲಿ ದಿನವಿಡೀ ಭಾಷಣ ಬಿಗಿದೆ. ಆಮೇಲೊಮ್ಮೆ ಅದೇ ಪಂದ್ಯವನ್ನು ಸಾವಧಾನವಾಗಿ ಮತ್ತೆ ನೋಡಿದೆ. ಹಿಡಿದುಕೊಂಡದ್ದು ಕಾಣುತ್ತದೆ. ಮೊದಲ ಸಲವೂ ಅದು ನನ್ನ ಕಣ್ಣ ಮುಂದೆಯೇ ನಡೆದಿತ್ತು. ನಮ್ಮ ಹುಡುಗನೆಂಬ ಕಾರಣಕ್ಕೆ ಕಂಡಿರಲಿಲ್ಲ. ರಿಂಗಿನ ಹೊರಗೆ ಕುಳಿತ ನನಗೇ ಹೀಗಾದರೆ!

ಎರಡು ವರ್ಷ ಕಳೆದು ಇಂಚಿಯೋನ್ ಏಷ್ಯನ್ ಕ್ರೀಡಾಕೂಟ ಬಂತು. ಮತ್ತೆ ದಕ್ಷಿಣ ಕೊರಿಯ. 2014ರ ಸೆಪ್ಟೆಂಬರ್ 30ರಂದು 60 ಕಿಲೋ ವರ್ಗದ ಸೆಮಿಫೈನಲಿನಲ್ಲಿ ಮಣಿಪುರದ ಸರಿತಾ ದೇವಿ ಕೊರಿಯದ ಪಾರ್ಕ್ ಜಿ-ನಾಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದನ್ನು ಇಡೀ ದೇಶ ನೋಡಿತು. ತಾಯಿಯಾದ ಮೇಲೆ ಮತ್ತೆ ಕೈಗವಸು ತೊಟ್ಟವಳು ಸರಿತಾ. ತೀರ್ಪು 3–0, ಕೊರಿಯದವಳಿಗೆ. ಸರಿತಾಳ ಕಡೆಯವರು ಅವರಿವರಿಂದ ಹಣ ಕೂಡಿಸಿ 500 ಡಾಲರ್ ಕಟ್ಟಿ ದೂರು ಕೊಟ್ಟರು; ತೀರ್ಪುಗಾರರ ಅಂಕದ ಮೇಲೆ ದೂರು ಸಲ್ಲದೆಂದು ಅದು ವಜಾ ಆಯಿತು.

ನಾನು ಟಿ.ವಿ. ಎದುರು ಎಷ್ಟು ಕೂಗಾಡಿದೆನೆಂದರೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು. ಮತ್ತೊಬ್ಬ ಪಾರ್ಕ್! ಕೊರಿಯದಲ್ಲಿ ಪಾರ್ಕ್ ಎಂಬ ಮನೆತನದ ಹೆಸರು ನಮ್ಮೂರ ಕಡೆ ಶೆಟ್ಟಿ ಎಂಬಷ್ಟು ಸಾಮಾನ್ಯವೆಂದು ಗೊತ್ತಿದ್ದರೂ ಆ ಹೊತ್ತಿಗೆ ಇಡೀ ವಂಶವೇ ಸೇರಿ ಸಂಚು ಮಾಡಿದಂತೆ ತೋರಿತು. ಕಾಲೇಜಿನಲ್ಲಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿ, “ಅಪ್ಪಾ, ಆ ಹುಡುಗಿಗ್ಯಾಕೆ ಬೈತೀರಿ? ಅವಳಿಗೂ ಏಟು ಬಿದ್ದಿದೆಯಲ್ಲ” ಎಂದಳು. ಗೋಡೆಗೆ ಮೂಗು ತಾಗಿಸಿ ನಿಂತ ಮೇಷ್ಟ್ರು ಎಷ್ಟೋ ವರ್ಷಗಳ ಮೇಲೆ ನೆನಪಾದರು. ಅವರು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು.

ಮರುದಿನ ಪದಕ ವಿತರಣೆ. ಸರಿತಾ ಬಿಕ್ಕಿ ಬಿಕ್ಕಿ ಅಳುತ್ತಾ ವೇದಿಕೆಗೆ ಬಂದಳು. ಕಂಚನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಪಡೆದು, ನೇರ ಹೋಗಿ ಅದನ್ನು ಬೆಳ್ಳಿ ಪಡೆದು ನಿಂತಿದ್ದ ಪಾರ್ಕ್ ಜಿ-ನಾಳ ಕೊರಳಿಗೆ ಹಾಕಿದಳು. ಆ ಹುಡುಗಿ ಕಕ್ಕಾಬಿಕ್ಕಿಯಾದಳು. ಹಿಂದಕ್ಕೆ ಕೊಡಲು ಹೋದಳು, ಸರಿತಾ ತೆಗೆದುಕೊಳ್ಳಲಿಲ್ಲ. ಕೊನೆಗೆ ಪದಕ ವೇದಿಕೆಯ ಮೇಲೆಯೇ ಉಳಿಯಿತು. ಸರಿತಾ ಆಮೇಲೆ ಕ್ಷಮೆ ಕೇಳಿದಳು. ಆದರೂ ಒಂದು ವರ್ಷದ ನಿಷೇಧವೂ 1000 ಸ್ವಿಸ್ ಫ್ರಾಂಕುಗಳ ದಂಡವೂ ತಪ್ಪಲಿಲ್ಲ. ಸಚಿನ್ ತೆಂಡೂಲ್ಕರ್ ಮೊದಲುಗೊಂಡು ಅನೇಕರು ಆಕೆಯ ಬೆಂಬಲಕ್ಕೆ ನಿಂತರು. ನಾನೂ ನಿಂತವನೇ. ಆಕೆಯ ಸಂಕಟದ ಬಗ್ಗೆ ಇವತ್ತಿಗೂ ನನ್ನಲ್ಲಿ ಎರಡು ಮಾತಿಲ್ಲ. ಆದರೆ ಆ ಚಿತ್ರ ನೋಡಿದಾಗೆಲ್ಲ ನನ್ನ ಕಣ್ಣು ಈಗ ಇನ್ನೊಂದು ಹುಡುಗಿಯ ಕಡೆಗೂ ಹೋಗುತ್ತದೆ. ತೀರ್ಪು ಬರೆದವರು ಆ ವೇದಿಕೆಯ ಹತ್ತಿರ ಎಲ್ಲಿಯೂ ಇರಲಿಲ್ಲ. ಕೈಗೆಟಕುವಷ್ಟು ಹತ್ತಿರ ಇದ್ದವಳು ಅವಳೊಬ್ಬಳೇ.

ಮತ್ತೊಂದು ವೇದಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1984ರಲ್ಲಿ ಅಮೆರಿಕದ ಇವಾಂಡರ್ ಹೋಲಿಫೀಲ್ಡ್ ಸೆಮಿಫೈನಲಿನಲ್ಲಿ ನ್ಯೂಜಿಲೆಂಡಿನ ಕೆವಿನ್ ಬ್ಯಾರಿಯನ್ನು ಬೀಳಿಸಿದ. ರೆಫರಿ ನಿಲ್ಲಿಸೆಂದ ಮೇಲೆ ಹೊಡೆದನೆಂದು ಅವನನ್ನೇ ಅನರ್ಹಗೊಳಿಸಿದರು. ರೆಫರಿ ಯುಗೊಸ್ಲಾವಿಯದವನು. ಹಾಗೆ ಬಿದ್ದ ಬ್ಯಾರಿ ನಿಯಮದ ಪ್ರಕಾರ ಫೈನಲ್ ಆಡುವಂತಿಲ್ಲ. ಚಿನ್ನ ಆಡದೆಯೇ ಯುಗೊಸ್ಲಾವಿಯದ ಆಂಟನ್ ಯೊಸಿಪೊವಿಚನಿಗೆ ಸಂದಿತು. ಜನ ಏನೇನು ಹೇಳಿರಬಹುದೆಂದು ಊಹಿಸಿಕೊಳ್ಳಿ. ಪದಕ ಕೊಡುವಾಗ ಯೊಸಿಪೊವಿಚ್ ಕಂಚಿನ ಮೆಟ್ಟಿಲಲ್ಲಿದ್ದ ಹೋಲಿಫೀಲ್ಡನ ಕೈ ಹಿಡಿದು ತನ್ನ ಮೆಟ್ಟಿಲಿಗೆ ಎಳೆದುಕೊಂಡ.

ತೀರ್ಪುಗಾರರ ಕಥೆಗೂ ಒಂದು ಅಂತ್ಯವಾಯಿತು, ತಡವಾಗಿಯಾದರೂ. 2016ರ ರಿಯೋದಲ್ಲಿ ಐರ್ಲೆಂಡಿನ ಮೈಕಲ್ ಕಾನ್ಲನ್ ರಷ್ಯಾದ ನಿಕಿತಿನನಿಗೆ ಸೋತನೆಂಬ ತೀರ್ಪು ಬಂದಾಗ ಅಸಭ್ಯವಾಗಿ ಬೆರಳೆತ್ತಿ ತೋರಿಸಿದ. ಆದರೆ ಬೆರಳು ತಿರುಗಿದ್ದು ತೀರ್ಪುಗಾರರ ಮೇಜಿನ ಕಡೆಗೆ; ಸಭ್ಯತೆಯ ಮಾತು ಹಾಗಿರಲಿ, ದಿಕ್ಕು ಸರಿಯಾಗಿತ್ತು. ರಿಯೋದಲ್ಲಿ ಕೆಲಸ ಮಾಡಿದ 36 ಮಂದಿ ರೆಫರಿ-ತೀರ್ಪುಗಾರರನ್ನೆಲ್ಲ ಬದಿಗಿರಿಸಿ ವಿಚಾರಣೆಯಾಯಿತು. 2021ರಲ್ಲಿ ಹೊರಬಂದ ಮೆಕ್‌ಲಾರೆನ್ ವರದಿ, ಅಲ್ಲಿನ ಸುಮಾರು ಹನ್ನೊಂದು ಪಂದ್ಯಗಳ ಮೇಲೆ ಸಂದೇಹದ ಮುದ್ರೆ ಒತ್ತಿ, ತೀರ್ಪುಗಳನ್ನು ಮೊದಲೇ ಗೊತ್ತುಮಾಡುವ ವ್ಯವಸ್ಥೆಯೇ ಇತ್ತೆಂದು ಹೇಳಿತು. ಬಾಕ್ಸಿಂಗನ್ನು ಆಳುತ್ತಿದ್ದ ಜಾಗತಿಕ ಸಂಸ್ಥೆಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2019ರಲ್ಲಿ ಅಮಾನತಿನಲ್ಲಿಟ್ಟು 2023ರಲ್ಲಿ ರದ್ದುಮಾಡಿತು. ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ಸಿಕ್ಕಿದ್ದು 2025ರಲ್ಲಿ.

ಇನ್ನು ನಮ್ಮ ಇಬ್ಬರು ಹುಡುಗರು. ಜೋನ್ಸ್ ವೃತ್ತಿಪರನಾಗಿ ಏರಿದ ಎತ್ತರ ಎಲ್ಲರಿಗೂ ತಿಳಿದದ್ದು. 1993ರಲ್ಲಿ ಬರ್ನಾರ್ಡ್ ಹಾಪ್ಕಿನ್ಸನನ್ನು ಸೋಲಿಸಿ ಮಿಡಲ್‌ವೇಟ್ ಪಟ್ಟ; 2003ರಲ್ಲಿ ಜಾನ್ ರೂಯಿಜನನ್ನು ಸೋಲಿಸಿ ಹೆವಿವೇಟ್ ಪಟ್ಟ. ಹಿಂದೆ ಮಿಡಲ್‌ವೇಟ್ ಪಟ್ಟ ಕಟ್ಟಿಕೊಂಡವನೊಬ್ಬ ಹೆವಿವೇಟ್ ಪಟ್ಟಕ್ಕೇರಿದ್ದು 106 ವರ್ಷಗಳಲ್ಲಿ ಅದೇ ಮೊದಲು. 2015ರಲ್ಲಿ ಅವನು ರಷ್ಯಾದ ಪೌರತ್ವವನ್ನೂ ಪಡೆದ. ಸೋಲಿನಲ್ಲಿ ಅವನ ಪರ ಬರೆದ ಸೋವಿಯತ್ ತೀರ್ಪುಗಾರನ ಋಣವೋ ಏನೋ ಎಂದು ನಾನು ತಮಾಷೆಗೆ ಅಂದುಕೊಂಡೆ.

ಪಾರ್ಕ್ ಸಿ-ಹುನ್ ಸೋಲಿನ ನಂತರ ಬಾಕ್ಸಿಂಗ್ ಕಣದಿಂದಲೇ ಸರಿದ. ವೃತ್ತಿಪರನಾಗಲಿಲ್ಲ. ಚಿನ್ನ ಗೆದ್ದವನಿಗೆ ಹೊರಗಿನವರ ಬೈಗಳಿರಲಿ, ತನ್ನ ನಾಡಿನವರ ಮೂದಲಿಕೆಯೂ ಕಾದಿತ್ತು. ಮನೋವ್ಯಾಕುಲತೆಗೆ ಬಿದ್ದು, ಬದುಕೇ ಬೇಡವೆನಿಸಿದ ದಿನಗಳಿದ್ದವೆಂದು ಅವನೇ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾನೆ. ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನಾದ, ಮುಂದೆ ತರಬೇತುದಾರನಾದ. ಬೆಳ್ಳಿಯೇ ಸಿಕ್ಕಿದ್ದರೆ ನೆಮ್ಮದಿಯಿಂದ ಇರುತ್ತಿದ್ದೆ ಎಂಬುದು ಅವನ ಮಾತಿನ ಸಾರ. ಇದನ್ನು ಓದಿದ ದಿನ ನನ್ನ ಕೆಂಪು ಶಾಯಿಯ ತಲೆಬರಹ ಕಣ್ಣಿಗೆ ಕಟ್ಟಿತು.

2023ರ ಮೇ ತಿಂಗಳಲ್ಲಿ ಪಾರ್ಕ್ ತನ್ನ ಮಗನೊಡನೆ ವಿಮಾನವೇರಿ ಪೆನ್ಸಕೋಲಕ್ಕೆ ಹೋದ. ಅಲ್ಲಿ ಜೋನ್ಸನ ಮನೆಯ ಮಗ್ಗುಲಿಗೆ ಅವನದೇ ಒಂದು ರಿಂಗು ಇದೆ. ಪಾರ್ಕ್ ಚೀಲದಿಂದ ಚಿನ್ನದ ಪದಕ ತೆಗೆದು, ಇದು ನಿಮ್ಮದು, ನಿಮ್ಮ ಊರಿಗೇ ಬಂದು ಹಿಂದಿರುಗಿಸುತ್ತಿದ್ದೇನೆ ಎಂಬರ್ಥದ ಮಾತು ಹೇಳಿ ಕೊಟ್ಟ. ಜೋನ್ಸ್ ಕಣ್ಣೀರಾದ. ಆ ದೃಶ್ಯವನ್ನು ಅವನು ಸೆಪ್ಟೆಂಬರಿನಲ್ಲಿ ಲೋಕಕ್ಕೆ ತೋರಿಸಿದ. ಇಬ್ಬರಿಗೂ ಐವತ್ತು ದಾಟಿದೆ; ಇಬ್ಬರ ಮೈಯೂ ತುಂಬಿಕೊಂಡಿದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಾನದನ್ನು ಮಗಳ ಮೊಬೈಲಿನಲ್ಲಿ ನಾಲ್ಕೈದು ಸಲ ನೋಡಿದೆ. ಮಾನವಿದ್ದರೆ ಪದಕವನ್ನು ಬಿಸಾಡಬೇಕಿತ್ತು ಎಂದು ನಾನು ಬರೆದಿದ್ದೆನಲ್ಲ. ಆತ ಬಿಸಾಡಲಿಲ್ಲ, ಮೂವತ್ತೈದು ವರ್ಷ ಹೊತ್ತು ಕಡೆಗೆ ಕೊಂಡುಹೋಗಿ ಕೊಟ್ಟ. ಒಲಿಂಪಿಕ್ ದಾಖಲೆಯಲ್ಲಿ 1988ರ ಆ ಸಾಲಿನೆದುರು ಈಗಲೂ ಇರುವುದು ಪಾರ್ಕನ ಹೆಸರೇ.

ಹೋದ ತಿಂಗಳು ಸಂಘದ ಹಳೆಯ ಕಪಾಟು ಖಾಲಿ ಮಾಡುವಾಗ ಗೋಡೆಪತ್ರಿಕೆಯ ಕಟ್ಟುಗಳು ಹೊರಬಂದವು. ‘ಕಳ್ಳ ಪದಕ’ ಅದರಲ್ಲಿದೆ. ಅಂಚು ಗೆದ್ದಲು ತಿಂದಿದ್ದರೂ ಕೆಂಪು ಶಾಯಿ ಹಾಗೆಯೇ ಇದೆ. ಕೆಳಗೆ ನನ್ನ ಹೆಸರೂ ಇದೆ. ಅದನ್ನು ಹರಿದುಹಾಕಬೇಡಿ ಎಂದು ಗ್ರಂಥಪಾಲಕರಿಗೆ ಹೇಳಿದ್ದೇನೆ. ಸಂಪಾದಕರು ಈ ಲೇಖನದ ಒಂದು ಪ್ರತಿಯನ್ನು ಆ ಹಾಳೆಯ ಹಿಂದೆ ಸೂಜಿ ಚುಚ್ಚಿ ಇಡಿಸಬೇಕೆಂದು ವಿನಂತಿ.